ಬಾವಿ, ಐನ್‌ಮನೆ, ಮಳೆಮಾಪಕ: ಊರಿನ ಚುಕ್ಕಿಗಳನ್ನು ನಕ್ಷೆಗೆ ಸರಿಯಾಗಿ ತರುವುದು ಹೇಗೆ

ಕೆಲವು ವರ್ಷಗಳ ಹಿಂದಿನ ಏಪ್ರಿಲ್. ಕೊಡಗಿನ ನಮ್ಮ ಊರಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿತ್ತು, ಬಾವಿಗಳ ನೀರು ತಳ ಮುಟ್ಟಿತ್ತು. ಊರಿನ ಬಾವಿಗಳ ನಕ್ಷೆ ಹಿಡಿದುಕೊಂಡು ಪಂಪ್ ರಿಪೇರಿಯವರು ಹೊರಟರು. ನಕ್ಷೆಯಲ್ಲಿ ಬಾವಿ ರಸ್ತೆ ಪಕ್ಕದಲ್ಲೇ ಇತ್ತು. ಅಲ್ಲಿಗೆ ಹೋಗಿ ನೋಡಿದರೆ ತೋಟದ ಗೇಟು ಮಾತ್ರ. ಬಾವಿ ಇದ್ದದ್ದು ಅಲ್ಲಿಂದ 180 ಮೀಟರ್ ಒಳಗೆ, ಇಳಿಜಾರಿನ ಕೆಳಗೆ, ಗದ್ದೆಯ ಅಂಚಿನಲ್ಲಿ. ಬಾವಿ ಅಳೆದವರು ಗೇಟಿನ ಹತ್ತಿರ ನಿಂತು ಮೊಬೈಲ್ ಒತ್ತಿದ್ದರು. ಮೊಬೈಲ್ ತಪ್ಪು ತೋರಿಸಿರಲಿಲ್ಲ. ಅವರು ನಿಂತ ಜಾಗವನ್ನೇ ಸರಿಯಾಗಿ ಹೇಳಿತ್ತು. ಆದರೆ ಅದು ಬಾವಿಯ ಜಾಗ ಆಗಿರಲಿಲ್ಲ. ಪಂಪ್ ಹೊತ್ತುಕೊಂಡು ಬಾವಿ ಹುಡುಕುವುದರಲ್ಲೇ ಅವರಿಗೆ ಒಂದು ಗಂಟೆ ಹೋಯಿತು.

ಆ ನಕ್ಷೆ ಮಾಡಿದ್ದು ನಾನು. ಅವತ್ತಿನಿಂದ ಕೆಲಸದ ಕ್ರಮ ಬದಲಾಯಿತು. ನಕ್ಷೆಯ ಒಂದು ಚುಕ್ಕಿ 'ಇಲ್ಲಿ' ಅಂತ ಹೇಳುತ್ತದೆ. ಆ 'ಇಲ್ಲಿ' ಅಂದರೆ ಯಾವ ಜಾಗ, ಎಷ್ಟು ಖಚಿತ ಅನ್ನೋದನ್ನು ಮನೆಯಿಂದ ಹೊರಡುವ ಮೊದಲೇ ತೀರ್ಮಾನ ಮಾಡಿರಬೇಕು. ಸಾಫ್ಟ್‌ವೇರ್ ಕೆಲಸ ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಈ ತೀರ್ಮಾನದ ಅಭ್ಯಾಸಕ್ಕೆ ಜಾಸ್ತಿ ಸಮಯ ಬೇಕು. ಅದಕ್ಕೇ ಇಲ್ಲಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಬೇಕಾದ ಸಾಮಾನು ಸ್ವಲ್ಪವೇ. ಒಂದು ಸಾಧಾರಣ ಆಂಡ್ರಾಯ್ಡ್ ಮೊಬೈಲ್, ಒಂದು ಲ್ಯಾಪ್‌ಟಾಪ್, ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಸಾಫ್ಟ್‌ವೇರ್, ಅದರ ಜೊತೆ ಮೊಬೈಲಿನಲ್ಲಿ ಕೆಲಸ ಮಾಡುವ ಕ್ಯೂಫೀಲ್ಡ್ ಆ್ಯಪ್. ಎರಡೂ ಉಚಿತ. ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೂಡ ಇರಲಿ. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ.

## ಯಾವುದು ಚುಕ್ಕಿ, ಯಾವುದು ಅಲ್ಲ

ಜಿಐಎಸ್‌ನಲ್ಲಿ (ನಕ್ಷೆ ಮತ್ತು ಅದರ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಪದ್ಧತಿ) ನೆಲದ ಮೇಲಿನ ವಸ್ತುಗಳನ್ನು ಮೂರು ರೂಪದಲ್ಲಿ ಬರೆಯುತ್ತೇವೆ: ಬಿಂದು, ಗೆರೆ, ಆವರಣ. ಬಿಂದುವಿಗೆ ಉದ್ದ ಇಲ್ಲ, ಅಗಲ ಇಲ್ಲ. ಒಂದು ರೇಖಾಂಶ, ಒಂದು ಅಕ್ಷಾಂಶ, ಅಷ್ಟೇ. ಬೇಕಿದ್ದರೆ ಎತ್ತರವನ್ನೂ ಸೇರಿಸಬಹುದು.

ಕೊಡಗಿನ ಯಾವುದೇ ಊರಲ್ಲಿ ಒಂದು ಸುತ್ತು ಹಾಕಿದರೆ ಮೂರೂ ಸಿಗುತ್ತವೆ. ಹಳೆಯ ಕಾಲದ ಕಂದಕ ಕಡಂಗ ಮೈಲುಗಟ್ಟಲೆ ಹೋಗುತ್ತದೆ, ಅದು ಗೆರೆ. ದೇವರಕಾಡಿಗೆ ವಿಸ್ತೀರ್ಣ ಇದೆ, ಎಲ್ಲೆ ಇದೆ, ಅದು ಆವರಣ. ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ), ಕೈಮಡ (ಕುಟುಂಬದ ಹಿರಿಯರ ಗುಡಿ), ತೆರೆದ ಬಾವಿ, ಬೋರ್‌ವೆಲ್, ಟ್ರಾನ್ಸ್‌ಫಾರ್ಮರ್, ಬಸ್ ನಿಲ್ಲುವ ಜಾಗ, ಮಳೆಮಾಪಕ ಇವೆಲ್ಲ ಚುಕ್ಕಿ.

ಇದು ನಕ್ಷೆಯ ಅಳತೆಗೆ ತಕ್ಕ ಹಾಗೆ ಬದಲಾಗುತ್ತದೆ. ಇಡೀ ಜಿಲ್ಲೆ, ಅಂದರೆ ಸುಮಾರು 4,100 ಚದರ ಕಿಲೋಮೀಟರ್, ಒಂದು ಹಾಳೆಯಲ್ಲಿ ಬರಬೇಕಾದರೆ ಸಣ್ಣ ದೇವರಕಾಡನ್ನು ಚುಕ್ಕಿಯಾಗಿ ತೋರಿಸುವುದು ಸರಿಯೇ. ಆದರೆ ಕಾಡಿನ ಎಲ್ಲೆ ಒತ್ತುವರಿಯಾಗಿದೆಯಾ ಅಂತ ನೋಡಲು ಹೊರಟವರಿಗೆ ಚುಕ್ಕಿಯಿಂದ ಏನೂ ಉಪಯೋಗ ಇಲ್ಲ. ಮೊದಲು ಪ್ರಶ್ನೆ ಏನು ಅಂತ ಬರೆದುಕೊಳ್ಳಿ. 'ಎಲ್ಲಿದೆ, ಎಷ್ಟಿವೆ' ಅನ್ನುವುದು ಪ್ರಶ್ನೆಯಾದರೆ ಚುಕ್ಕಿ ಸಾಕು. 'ಎಷ್ಟು ದೊಡ್ಡದು, ಎಲ್ಲಿಯವರೆಗೆ' ಅನ್ನುವುದಾದರೆ ಸಾಲದು.

ಇನ್ನೊಂದು ಬಗೆಯ ಚುಕ್ಕಿಯೂ ಇದೆ, ಘಟನೆಯ ಚುಕ್ಕಿ. ಆನೆ ಕಂಡದ್ದು, ಮರ ಬಿದ್ದದ್ದು, ಬರೆ (ಕಡಿದಾದ ಇಳಿಜಾರು) ಕುಸಿದದ್ದು. ಬಾವಿ ನಾಳೆಯೂ ಅಲ್ಲೇ ಇರುತ್ತದೆ, ಆನೆ ಇರುವುದಿಲ್ಲ. ಇಂಥ ಚುಕ್ಕಿಗೆ ದಿನಾಂಕ ಮತ್ತು ಹೊತ್ತು ಇಲ್ಲದಿದ್ದರೆ ಬೆಲೆಯೇ ಇಲ್ಲ. ಆನೆಯ ಚುಕ್ಕಿಯನ್ನೂ ಬಾವಿಯ ಚುಕ್ಕಿಯನ್ನೂ ಒಂದೇ ಲೇಯರ್‌ನಲ್ಲಿ, ಅಂದರೆ ನಕ್ಷೆಯ ಒಂದೇ ಪದರದಲ್ಲಿ, ಬೆರೆಸಬೇಡಿ.

## ಹೊರಡುವ ಮೊದಲು: ಚುಕ್ಕಿ ಎಲ್ಲಿ ಕೂರಬೇಕು

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೊಂದು ವಿಧಕ್ಕೂ ಒಂದೊಂದು ವಾಕ್ಯ ಬರೆಯಿರಿ. ನಾವು ಬರೆದುಕೊಂಡದ್ದು ಹೀಗಿದೆ.

ತೆರೆದ ಬಾವಿ: ಕಟ್ಟೆಯ ಪಕ್ಕದಲ್ಲಿ ನಿಂತು ಅಳೆಯಬೇಕು, ಗೇಟಿನಲ್ಲಿ ಅಲ್ಲ. ಬೋರ್‌ವೆಲ್: ಕೇಸಿಂಗ್ ಪೈಪಿನ ಹತ್ತಿರ, ಪಂಪ್‌ಶೆಡ್ಡಿನಲ್ಲಿ ಅಲ್ಲ. ಐನ್‌ಮನೆ: ಮುಂಬಾಗಿಲ ಮೆಟ್ಟಿಲು. ಒರತೆ: ನೀರು ಮಣ್ಣಿನಿಂದ ಹೊರಬರುವ ಜಾಗ, ಪೈಪ್ ಹಾಕಿ ಹಿಡಿದಿರುವ ಟ್ಯಾಂಕ್ ಅಲ್ಲ. ಮಳೆಮಾಪಕ: ಮಾಪಕದ ಪಕ್ಕ.

ಇಷ್ಟು ಸಣ್ಣ ವಿಷಯ ಯಾಕೆ ಬರೆದಿಡಬೇಕು ಅಂತ ಅನಿಸಬಹುದು. ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗಿ ಅಳೆದು ಬಂದಾಗ ಗೊತ್ತಾಗುತ್ತದೆ. ಒಬ್ಬರು ಐನ್‌ಮನೆಯ ಚುಕ್ಕಿಯನ್ನು ಕಣದಲ್ಲಿ ಇಟ್ಟಿರುತ್ತಾರೆ, ಇನ್ನೊಬ್ಬರು ಓಣಿಯ ತುದಿಯಲ್ಲಿ ಇಟ್ಟಿರುತ್ತಾರೆ. ಎರಡೂ ಮನಸ್ಸಿಟ್ಟು ಮಾಡಿದ ಕೆಲಸವೇ, ಆದರೆ ಒಂದಕ್ಕೊಂದು ಹೋಲಿಸಲು ಆಗುವುದಿಲ್ಲ.

ಈ ಮಾತು ಬರೆ ಕುಸಿತದಲ್ಲಿ ಎಲ್ಲಕ್ಕಿಂತ ಗಂಭೀರ. 2018ರ ಆಗಸ್ಟ್ ನಮಗ್ಯಾರಿಗೂ ಮರೆಯುವಂಥದ್ದಲ್ಲ. ಅದರ ನಂತರ 2019ರಲ್ಲೂ ಬೆಟ್ಟ ಜಾರಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಈಗಲೂ ಪ್ರತಿ ಮಳೆಗಾಲದಲ್ಲಿ ಸಣ್ಣಪುಟ್ಟ ಕುಸಿತಗಳು ಆಗುತ್ತಲೇ ಇರುತ್ತವೆ. ಅವನ್ನು ಊರಿನವರೇ ದಾಖಲಿಸಿದರೆ ಬಹಳ ಉಪಯೋಗ. ಆದರೆ ಚುಕ್ಕಿ ಎಲ್ಲಿ ಇಡಬೇಕು? ಮಣ್ಣು ಬಂದು ರಸ್ತೆಗೆ ಬಿದ್ದಿರುತ್ತದೆ, ನಾವೂ ರಸ್ತೆಯಲ್ಲೇ ನಿಂತಿರುತ್ತೇವೆ, ಅಲ್ಲೇ ಒತ್ತಿ ಬರುತ್ತೇವೆ. ಮುಂದೆ ಯಾರೋ ಆ ಚುಕ್ಕಿಯ ಕೆಳಗಿನ ಇಳಿಜಾರು ಎಷ್ಟು ಅಂತ ಲೆಕ್ಕ ತೆಗೆದರೆ, ರಸ್ತೆಯ ಸಮತಟ್ಟು ಸಿಗುತ್ತದೆ. 'ಸಮತಟ್ಟು ಜಾಗದಲ್ಲೂ ಬೆಟ್ಟ ಕುಸಿಯುತ್ತದೆ' ಅನ್ನುವ ಸುಳ್ಳು ಉತ್ತರ ಬರುತ್ತದೆ. ಆದ್ದರಿಂದ ಕುಸಿತದ ಚುಕ್ಕಿ ಅದರ ತಲೆಯಲ್ಲಿ, ಅಂದರೆ ಮಣ್ಣು ಮೊದಲು ಕಳಚಿಕೊಂಡ ಮೇಲ್ಭಾಗದಲ್ಲಿ ಇರಬೇಕು.

ಹಾಗಂತ ಯಾರೂ ಕುಸಿತದ ತಲೆಯವರೆಗೆ ಹತ್ತಬೇಡಿ. ಬಿರುಕು ಬಿಟ್ಟ ನೆಲ ಅದು, ಮತ್ತೆ ಜಾರಬಹುದು. ದೂರದ ಗಟ್ಟಿ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ, ದಿಕ್ಕು ಮತ್ತು ಅಂದಾಜು ದೂರ ಬರೆದುಕೊಳ್ಳಿ. ಮನೆಗೆ ಬಂದು ಉಪಗ್ರಹ ಚಿತ್ರದ ಮೇಲೆ ಚುಕ್ಕಿ ಇಡಿ. 'ಹೇಗೆ ಅಳೆದದ್ದು' ಅನ್ನುವ ಕಾಲಂನಲ್ಲಿ 'ಚಿತ್ರ ನೋಡಿ' ಅಂತ ಬರೆಯಿರಿ.

## ಕಾಲಂಗಳು

ಚುಕ್ಕಿಯ ಜೊತೆ ಹೋಗುವ ಮಾಹಿತಿಗೆ ಒಂದು ಕೋಷ್ಟಕ ಇರುತ್ತದೆ. ಒಂದು ಚುಕ್ಕಿಗೆ ಒಂದು ಸಾಲು. ನಾನು ಯಾವಾಗಲೂ ಇಡುವ ಕಾಲಂಗಳು ಎಂಟು: ಗುರುತು ಸಂಖ್ಯೆ, ಹೆಸರು, ವಿಧ, ಸ್ಥಿತಿ, ಅಳೆದ ದಿನಾಂಕ, ಹೇಗೆ ಅಳೆದದ್ದು, ನಿಖರತೆ ಎಷ್ಟು ಮೀಟರ್, ಫೋಟೋ.

ಗುರುತು ಸಂಖ್ಯೆಯನ್ನು ಮರೆಯಬೇಡಿ. ಬಾ-001, ಬಾ-002 ಅಂತ ಕೊಡುತ್ತಾ ಹೋಗಿ. ಹೆಸರನ್ನು ನಂಬಿ ಕೂರಲು ಆಗುವುದಿಲ್ಲ, ಒಂದೇ ಊರಲ್ಲಿ ಎರಡು 'ದೊಡ್ಡ ಬಾವಿ' ಇರುತ್ತವೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ. ಬಾವಿ ಬತ್ತಿದರೆ ಚುಕ್ಕಿಯನ್ನು ಅಳಿಸಬೇಡಿ, ಸ್ಥಿತಿಯನ್ನು 'ಬತ್ತಿದೆ' ಅಂತ ಬದಲಿಸಿ. ಬತ್ತಿದ ಬಾವಿಯ ಜಾಗವೂ ಒಂದು ಮಾಹಿತಿಯೇ, ಅಲ್ವಾ?

ವಿಧ ಮತ್ತು ಸ್ಥಿತಿಯನ್ನು ಕೈಯಿಂದ ಟೈಪ್ ಮಾಡಲು ಬಿಡಬೇಡಿ. ಒಬ್ಬರು 'ಬಾವಿ' ಅಂತ ಬರೆದರೆ ಇನ್ನೊಬ್ಬರು 'ತೆರೆದಬಾವಿ' ಅಂತ ಬರೆಯುತ್ತಾರೆ, ಮತ್ತೊಬ್ಬರು ಕೊನೆಯಲ್ಲಿ ಒಂದು ಖಾಲಿ ಜಾಗ ಬಿಡುತ್ತಾರೆ. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ವಿಧ. ಆಯ್ಕೆಯ ಪಟ್ಟಿ ಕೊಟ್ಟುಬಿಡಿ, ಅದು ಹೇಗೆ ಅನ್ನೋದು ಮುಂದೆ ಬರುತ್ತದೆ.

## ಲೇಯರ್ ಮಾಡುವುದು

ಕ್ಯೂಜಿಐಎಸ್ ತೆರೆಯಿರಿ. ಲೇಯರ್ ಮೆನುವಿನಲ್ಲಿ ಕ್ರಿಯೇಟ್ ಲೇಯರ್, ಅದರೊಳಗೆ ನ್ಯೂ ಜಿಯೋಪ್ಯಾಕೇಜ್ ಲೇಯರ್ ಒತ್ತಿ. ಜಿಯೋಮೆಟ್ರಿ ಟೈಪ್ ಕೇಳಿದಾಗ ಪಾಯಿಂಟ್ ಆರಿಸಿ. ಮಲ್ಟಿಪಾಯಿಂಟ್ ಬೇಡ. ಅದರಲ್ಲಿ ಹಲವು ಚುಕ್ಕಿಗಳು ಸೇರಿ ಒಂದೇ ಸಾಲು ಆಗುತ್ತವೆ, ನಮಗೆ ಒಂದು ಬಾವಿಗೆ ಒಂದು ಸಾಲು ಬೇಕು.

ಶೇಪ್‌ಫೈಲ್ ಅನ್ನುವ ಇನ್ನೊಂದು ಫೈಲ್ ಬಗೆ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದು ನಿಜಕ್ಕೂ ಕಷ್ಟ. ಕಾಲಂ ಹೆಸರಿಗೆ ಸಿಗುವುದು ಹತ್ತೇ ಬೈಟ್. ಪಠ್ಯದ ಕಾಲಂಗೆ ಗರಿಷ್ಠ 254 ಬೈಟ್. ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹೋಗುತ್ತದೆ. ಗುಣಿತ, ಒತ್ತು ಎಲ್ಲವನ್ನೂ ಬೇರೆಯಾಗಿ ಎಣಿಸುವುದರಿಂದ, 'ಕ್ಕಿ' ಅನ್ನುವ ಒಂದೇ ಅಕ್ಷರಕ್ಕೆ ಹನ್ನೆರಡು ಬೈಟ್ ಬೇಕು. ಉದ್ದದ ಟಿಪ್ಪಣಿ ಅರ್ಧಕ್ಕೆ ತುಂಡಾಗುತ್ತದೆ. ಮೇಲಾಗಿ ಶೇಪ್‌ಫೈಲ್ ಅಂದರೆ ಒಂದೇ ಫೈಲ್ ಅಲ್ಲ, ಜೊತೆಗೆ ಇರಬೇಕಾದ ಮೂರ್ನಾಲ್ಕು ಫೈಲ್‌ಗಳ ಗುಂಪು. ವಾಟ್ಸಾಪ್‌ನಲ್ಲಿ ಕಳಿಸುವಾಗ ಒಂದು ತಪ್ಪಿಹೋದರೂ ಕೆಲಸ ಕೆಡುತ್ತದೆ. ಜಿಯೋಪ್ಯಾಕೇಜ್ ಒಂದೇ ಫೈಲ್.

ಮುಂದಿನದು ನಿರ್ದೇಶಾಂಕ ಪದ್ಧತಿ, ಅಂದರೆ ಸಿಆರ್‌ಎಸ್. ಮೊಬೈಲ್ ಕೊಡುವುದು ಡಬ್ಲ್ಯುಜಿಎಸ್ 84 ಅನ್ನುವ, ಜಿಪಿಎಸ್ ಬಳಸುವ ಆಧಾರದ ಡಿಗ್ರಿ ಅಂಕಿ, ಅದರ ಸಂಖ್ಯೆ ಇಪಿಎಸ್‌ಜಿ 4326. ಸಂಗ್ರಹಿಸುವ ಲೇಯರ್‌ಗೆ ಅದನ್ನೇ ಇಡಿ. ದೂರ, ಸುತ್ತಳತೆ ಲೆಕ್ಕ ಹಾಕುವಾಗ ಮೀಟರ್ ಬೇಕಾಗುತ್ತದೆ. ಆಗ ಮೀಟರಿನಲ್ಲಿ ಅಂಕಿ ಕೊಡುವ ಯುಟಿಎಂ ಪದ್ಧತಿಯ 43 ಉತ್ತರ ವಲಯ, ಇಪಿಎಸ್‌ಜಿ 32643. ಈ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಇರುವುದರಿಂದ ಇಡೀ ಕೊಡಗು ಒಂದರೊಳಗೇ ಬರುತ್ತದೆ. ಮಡಿಕೇರಿಯ ಸುತ್ತಮುತ್ತ ಪೂರ್ವದ ಅಂಕಿ ಸುಮಾರು 5,80,000 ಮತ್ತು ಉತ್ತರದ ಅಂಕಿ ಸುಮಾರು 13,73,000 ಮೀಟರ್ ಇರುತ್ತದೆ. ಅಂಕಿ ನೋಡಿದ ಕೂಡಲೇ ಇದು ಯಾವ ಪದ್ಧತಿ ಅಂತ ಗುರುತಿಸಲು ಇಷ್ಟು ನೆನಪಿದ್ದರೆ ಸಾಕು.

ಕಾಲಂಗಳನ್ನು ಸೇರಿಸಿ, ಲೇಯರ್ ಉಳಿಸಿ. ನಂತರ ಲೇಯರ್‌ನ ಪ್ರಾಪರ್ಟೀಸ್‌ಗೆ ಹೋಗಿ ಆ್ಯಟ್ರಿಬ್ಯೂಟ್ಸ್ ಫಾರ್ಮ್‌ನಲ್ಲಿ ವಿಧ, ಸ್ಥಿತಿ ಕಾಲಂಗಳಿಗೆ ವ್ಯಾಲ್ಯೂ ಮ್ಯಾಪ್ ಆರಿಸಿ ಆಯ್ಕೆಗಳನ್ನು ತುಂಬಿಸಿ. ಫೋಟೋ ಕಾಲಂಗೆ ಅಟ್ಯಾಚ್‌ಮೆಂಟ್ ಆರಿಸಿ. ಇಷ್ಟಾದ ಮೇಲೆ ಪ್ರಾಜೆಕ್ಟನ್ನು ಕ್ಯೂಫೀಲ್ಡ್‌ಗೆ ಕಳಿಸಿದರೆ ಅದೇ ಪಟ್ಟಿ ಮೊಬೈಲಿನಲ್ಲೂ ಕಾಣುತ್ತದೆ.

## ತೋಟದೊಳಗೆ ಅಳೆಯುವುದು

ನಮ್ಮ ಕಾಫಿ ತೋಟಗಳಲ್ಲಿ ಆಕಾಶ ಕಾಣುವುದೇ ಕಡಿಮೆ. ಮೇಲೆ ನೆರಳಿನ ಮರ, ಅದನ್ನು ಸುತ್ತಿದ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಜಿಪಿಎಸ್‌ಗೆ ಬೇಕಾದದ್ದು ಉಪಗ್ರಹಗಳಿಗೆ ನೇರ ದೃಷ್ಟಿ. ಬಯಲಿನಲ್ಲಿ ಮೂರರಿಂದ ಐದು ಮೀಟರ್ ನಿಖರತೆ ಕೊಡುವ ಮೊಬೈಲ್, ದಟ್ಟ ನೆರಳಿನಲ್ಲಿ ಹತ್ತು, ಹದಿನೈದು ಮೀಟರ್ ತೋರಿಸಿದರೆ ಆಶ್ಚರ್ಯ ಪಡಬೇಡಿ. ಒಂದು ಕಡೆ ಕಡಿದಾದ ಬರೆ ಇದ್ದರೆ ಅರ್ಧ ಆಕಾಶವೇ ಮುಚ್ಚಿಹೋಗಿರುತ್ತದೆ. ಎಲೆಗಳು ನೆನೆದಿದ್ದರೆ ಸಿಗ್ನಲ್ ಇನ್ನೂ ಕುಂದುತ್ತದೆ.

ಆ್ಯಪ್‌ನಲ್ಲಿ ಕಾಣುವ ನಿಖರತೆಯ ಅಂಕಿಗೆ ಒಂದು ಅರ್ಥ ಇದೆ. ಆಂಡ್ರಾಯ್ಡ್‌ನಲ್ಲಿ '8 ಮೀಟರ್' ಅಂದರೆ, ನೀವು ಆ 8 ಮೀಟರ್ ತ್ರಿಜ್ಯದ ವೃತ್ತದೊಳಗೆ ಇರುವ ಸಾಧ್ಯತೆ ಶೇ. 68. ಅಂದರೆ ಹತ್ತು ಸಲದಲ್ಲಿ ಮೂರು ಸಲ ಅದಕ್ಕಿಂತ ಹೊರಗೂ ಇರಬಹುದು. ಆ ಅಂಕಿಯನ್ನು ಪೂರ್ತಿ ನಂಬಬೇಡಿ, ಕಡೆಗಣಿಸಲೂ ಬೇಡಿ.

ಬಾವಿಯ ಹತ್ತಿರ ಹೋದಾಗ ನಾನು ಮಾಡುವುದು ಹೀಗೆ. ಮನೆಯಿಂದ ಹೊರಡುವಾಗಲೇ ಲೊಕೇಶನ್ ಆನ್ ಮಾಡಿ, ಅಂಗಳದ ಬಯಲಿನಲ್ಲಿ ಎರಡು ನಿಮಿಷ ನಿಲ್ಲುತ್ತೇನೆ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕಾಗಿಲ್ಲ. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಮೊದಲ ಸಲ ಉಪಗ್ರಹ ಹಿಡಿಯಲು ತುಂಬಾ ಹೊತ್ತು ಬೇಕಾಗುತ್ತದೆ. ಬ್ಯಾಟರಿ ಸೇವರ್ ಆಫ್ ಮಾಡುತ್ತೇನೆ, ಅದು ಜಿಪಿಎಸ್ ಅನ್ನು ನಡುನಡುವೆ ಮಲಗಿಸುತ್ತದೆ. ಬಾವಿ ಕಟ್ಟೆಯ ಪಕ್ಕ ನಿಂತು ಮೊಬೈಲನ್ನು ಎದೆಯ ಎತ್ತರದಲ್ಲಿ ಹಿಡಿದು ಒಂದು ನಿಮಿಷ ಅಲ್ಲಾಡದೆ ಕಾಯುತ್ತೇನೆ. ಮೊದಲು 22 ಮೀಟರ್, ಆಮೇಲೆ 14, ಆಮೇಲೆ 9 ಅಂತ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೆ ಒತ್ತುತ್ತೇನೆ. ಬಂದ ಕೂಡಲೇ ಒತ್ತುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದೇ ಬಾವಿಯನ್ನು ಎರಡೂ ರೀತಿ ಅಳೆದು ನೋಡಿ. ಕ್ಯೂಫೀಲ್ಡ್‌ನಲ್ಲಿ ಹಲವು ಓದುಗಳ ಸರಾಸರಿ ತೆಗೆಯುವ ಸೌಲಭ್ಯವೂ ಇದೆ. ನೆರಳಿನ ತೋಟದಲ್ಲಿ ಅದನ್ನು ತಪ್ಪದೆ ಬಳಸಿ.

ನಿಂತರೂ 15 ಮೀಟರ್‌ಗಿಂತ ಕೆಳಗೆ ಇಳಿಯಲಿಲ್ಲ ಅಂದರೆ ಹಳೆಯ ಉಪಾಯ ಇದೆ. ಹತ್ತಿರದ ಬಯಲಿಗೆ, ಕಣಕ್ಕೋ ಗದ್ದೆಗೋ ಹೋಗಿ. ಅಲ್ಲಿ ಚುಕ್ಕಿ ಅಳೆಯಿರಿ. ಅಲ್ಲಿಂದ ಬಾವಿಗೆ ಟೇಪ್ ಹಿಡಿದು ದೂರ ನೋಡಿ, ದಿಕ್ಸೂಚಿಯಲ್ಲಿ ದಿಕ್ಕು ನೋಡಿ. 'ಕಣದ ಮೂಲೆಯಿಂದ 34 ಮೀಟರ್, ಈಶಾನ್ಯಕ್ಕೆ' ಅಂತ ಬರೆದುಕೊಂಡರೆ ಕಂಪ್ಯೂಟರಿನಲ್ಲಿ ಬಾವಿಯನ್ನು ಅದರ ಜಾಗಕ್ಕೆ ಸರಿಸಬಹುದು.

ಎತ್ತರದ ಬಗ್ಗೆ ಒಂದು ಎಚ್ಚರಿಕೆ. ಕೆಲವು ಆ್ಯಪ್‌ಗಳು ತೋರಿಸುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಯ ಗಣಿತದ ಆಕಾರದಿಂದ ಅಳೆದದ್ದು. ನಮ್ಮ ದಕ್ಷಿಣ ಭಾರತದಲ್ಲಿ ಇವೆರಡರ ನಡುವೆ 80 ಮೀಟರ್‌ಗೂ ಜಾಸ್ತಿ ಅಂತರ ಇದೆ. ತಡಿಯಂಡಮೋಳ್‌ನ ತುದಿ 1,748 ಮೀಟರ್ ಅಂತ ನಮಗೆಲ್ಲ ಗೊತ್ತು. ಅಲ್ಲಿ ನಿಂತಾಗ ಮೊಬೈಲ್ 1,660ರ ಆಸುಪಾಸು ತೋರಿಸಿದರೆ ಇದೇ ಕಾರಣ. ಎತ್ತರದ ಕಾಲಂ ಇಟ್ಟರೆ ಯಾವ ಎತ್ತರ ಅಂತಲೂ ಬರೆಯಿರಿ.

## ಹಳೆಯ ಪಟ್ಟಿಯನ್ನು ನಕ್ಷೆಗೆ ತರುವುದು

ಹಲವು ಊರುಗಳಲ್ಲಿ ಯಾರಾದರೂ ಮೊದಲೇ ಎಕ್ಸೆಲ್ ಪಟ್ಟಿ ಮಾಡಿರುತ್ತಾರೆ. ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಆಗಿ ಉಳಿಸಿ. ಉಳಿಸುವಾಗ ಯುಟಿಎಫ್-8 ಇರುವ ಆಯ್ಕೆಯನ್ನೇ ಒತ್ತಿ. ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕ್ಯೂಜಿಐಎಸ್‌ನಲ್ಲಿ ಆ್ಯಡ್ ಲೇಯರ್, ಅದರೊಳಗೆ ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ ತೆರೆದು ಫೈಲ್ ಆರಿಸಿ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಮಾತಿನಲ್ಲಿ ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ಇಲ್ಲಿ ಕ್ರಮ ಉಲ್ಟಾ.

ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಬರೆದ ಪಟ್ಟಿ ಸಿಕ್ಕರೆ ತಾಳ್ಮೆಯಿಂದ ನೋಡಿ. 12 ಡಿಗ್ರಿ 25 ನಿಮಿಷ 15 ಸೆಕೆಂಡ್ ಅಂದರೆ 12.2515 ಅಲ್ಲ. 25ನ್ನು 60ರಿಂದ, 15ನ್ನು 3,600ರಿಂದ ಭಾಗಿಸಿ ಕೂಡಬೇಕು. ಉತ್ತರ 12.42083. ತಪ್ಪಾಗಿ ಬರೆದರೆ ಮಡಿಕೇರಿಯ ಬಾವಿ ಸುಮಾರು 19 ಕಿಲೋಮೀಟರ್ ದಕ್ಷಿಣಕ್ಕೆ, ವಿರಾಜಪೇಟೆ ಕಡೆಗೆ ಹೋಗಿ ಕೂರುತ್ತದೆ. ಎರಡೂ ಕೊಡಗಿನೊಳಗೇ ಇರುವುದರಿಂದ ಕಣ್ಣಿಗೆ ತಕ್ಷಣ ಹೊಳೆಯುವುದಿಲ್ಲ.

ದಶಮಾಂಶದ ನಂತರ ಎಷ್ಟು ಅಂಕಿ ಬೇಕು? ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 110 ಕಿಲೋಮೀಟರ್. ಮೂರು ಅಂಕಿ ಇದ್ದರೆ 110 ಮೀಟರ್ ಮಟ್ಟ, ನಾಲ್ಕಕ್ಕೆ 11 ಮೀಟರ್, ಐದಕ್ಕೆ ಒಂದು ಮೀಟರ್ ಚಿಲ್ಲರೆ. ಐದು ಸಾಕು. ಹನ್ನೆರಡು ಅಂಕಿ ಬರೆದರೆ ನಿಖರತೆ ಜಾಸ್ತಿ ಆಗುವುದಿಲ್ಲ, ಓದುವವರಿಗೆ ಸುಳ್ಳು ಭರವಸೆ ಕೊಟ್ಟಂತಾಗುತ್ತದೆ.

ಹಳೆಯ ಸರ್ವೆ ಹಾಳೆಯಿಂದ ತೆಗೆದ ಅಂಕಿಗಳಾದರೆ ಇನ್ನೊಂದು ತೊಡಕು. ಅವು ಎವರೆಸ್ಟ್ ಅನ್ನುವ, ಭೂಮಿಯ ಆಕಾರದ ಹಳೆಯ ಲೆಕ್ಕದ ಮೇಲೆ ಮಾಡಿದವು, ಡಬ್ಲ್ಯುಜಿಎಸ್ 84 ಅಲ್ಲ. ಹಾಗೇ ಹಾಕಿದರೆ ಎಲ್ಲ ಚುಕ್ಕಿಗಳೂ ಒಂದೇ ದಿಕ್ಕಿಗೆ ನೂರು ಮೀಟರ್‌ಗೂ ಮೀರಿ ಸರಿದು ಕೂರುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಅಳೆದವರನ್ನು ದೂರಬೇಡಿ, ಸಿಆರ್‌ಎಸ್ ನೋಡಿ.

## ತಪ್ಪು ಹುಡುಕುವುದು

ಚುಕ್ಕಿಗಳು ಬಂದ ಮೇಲೆ ಮೊದಲು ಲೇಯರ್ ಮೇಲೆ ಬಲ ಒತ್ತಿ ಝೂಮ್ ಟು ಲೇಯರ್ ಮಾಡಿ. ಕೊಡಗು ತೆರೆದುಕೊಂಡರೆ ಸರಿ. ಇಡೀ ಪ್ರಪಂಚ ತೆರೆದುಕೊಂಡರೆ ಒಂದೆರಡು ಚುಕ್ಕಿ ತಪ್ಪಿಸಿಕೊಂಡಿವೆ ಅಂತ ಅರ್ಥ. ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿ ಇದ್ದರೆ, ಯಾರೋ ಖಾಲಿ ಬಿಟ್ಟ ಅಂಕಿ ಸೊನ್ನೆ-ಸೊನ್ನೆ ಆಗಿದೆ. ನಾರ್ವೆಗೂ ಉತ್ತರದ ಆರ್ಕ್ಟಿಕ್ ಕಡಲಿನಲ್ಲಿ ಇದ್ದರೆ, ಅಕ್ಷಾಂಶ-ರೇಖಾಂಶ ಅದಲುಬದಲಾಗಿದೆ.

ಕೋಷ್ಟಕದಲ್ಲೂ ಒಂದು ಜರಡಿ ಹಿಡಿಯಿರಿ. ಕೊಡಗಿನ ಅಕ್ಷಾಂಶ 11.9ರಿಂದ 13ರ ಒಳಗೆ, ರೇಖಾಂಶ 75.3ರಿಂದ 76.3ರ ಒಳಗೆ ಇರಲೇಬೇಕು. ಹೊರಗಿರುವುದನ್ನೆಲ್ಲ ಆರಿಸಿ ಪರೀಕ್ಷಿಸಿ. ನಂತರ ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂತ ಚುಕ್ಕಿಗಳನ್ನು ಹುಡುಕಿ. ಎರಡು ಸಲ ಅಳೆದ ಒಂದೇ ಬಾವಿಯೋ, ಅಕ್ಕಪಕ್ಕದ ಎರಡು ಬಾವಿಯೋ ಅಂತ ಫೋಟೋ ನೋಡಿ ತೀರ್ಮಾನಿಸಿ.

ಕೊನೆಯ ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಡ. ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಊರಿನ ಹಿರಿಯರ ಮುಂದೆ ಹಾಸಿ. 'ಅಜ್ಜ, ಈ ಬಾವಿ ತೋಡಿನ ಈಚೆಗಾ, ಆಚೆಗಾ?' ಅಂತ ಕೇಳಿ. 'ಆಚೆಗೆ ಮಗಾ, ಸೇತುವೆ ದಾಟಿ ಹೋಗ್ಬೇಕು' ಅಂದರೆ ಮತ್ತೆ ಹೋಗಿ ಅಳೆಯಿರಿ. ಹತ್ತು ಮೀಟರ್ ತಪ್ಪಿದರೂ ಪರವಾಗಿಲ್ಲ, ಆದರೆ ತೋಡಿನ ತಪ್ಪು ದಡದಲ್ಲಿ ಚುಕ್ಕಿ ಇರಬಾರದು. ಮಳೆಗಾಲದಲ್ಲಿ ಆ ಹತ್ತು ಮೀಟರ್ ದಾಟಲು ಎರಡು ಕಿಲೋಮೀಟರ್ ಸುತ್ತಬೇಕಾಗುತ್ತದೆ.

## ಚಿಹ್ನೆ ಮತ್ತು ಹೆಸರು

ಬಣ್ಣಕ್ಕಿಂತ ಆಕಾರದಿಂದ ವಿಧ ಗೊತ್ತಾಗಲಿ. ಊರಿನಲ್ಲಿ ನಕ್ಷೆಗಳನ್ನು ಜೆರಾಕ್ಸ್ ಮಾಡುತ್ತಾರೆ, ಬಣ್ಣ ಹೋಗುತ್ತದೆ. ಬಾವಿಗೆ ವೃತ್ತ, ಬೋರ್‌ವೆಲ್‌ಗೆ ಚೌಕ, ಒರತೆಗೆ ತ್ರಿಕೋನ, ಬತ್ತಿದ್ದಕ್ಕೆ ಒಳಗೆ ಖಾಲಿ. ಕ್ಯೂಜಿಐಎಸ್‌ನ ಸಿಂಬಾಲಜಿಯಲ್ಲಿ ಕೆಟಗರೈಸ್ಡ್ ಆರಿಸಿದರೆ ವಿಧಕ್ಕೊಂದು ಚಿಹ್ನೆ ಕೊಡಬಹುದು.

ಚಿಹ್ನೆಯ ಗಾತ್ರಕ್ಕೆ ಲೆಕ್ಕ ಹಾಕಿ. 1:25,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ಎರಡು ಮಿಲಿಮೀಟರಿನ ಚುಕ್ಕಿ 50 ಮೀಟರ್ ಜಾಗ ಮುಚ್ಚುತ್ತದೆ. 30 ಮೀಟರ್ ದೂರದ ಎರಡು ಬಾವಿಗಳು ಒಂದಾಗಿ ಕಾಣುತ್ತವೆ. ಆಗ ಪಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ ಅನ್ನುವ ಆಯ್ಕೆ ಬಳಸಿ, ಅದು ಮೂಲ ಜಾಗವನ್ನು ಬದಲಿಸದೆ ತೋರಿಸುವಾಗ ಮಾತ್ರ ಸ್ವಲ್ಪ ಬಿಡಿಸಿ ಇಡುತ್ತದೆ.

ಹೆಸರುಗಳಿಗೆ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿ, ಸುತ್ತ ತೆಳುವಾದ ಬಿಳಿ ಅಂಚು ಕೊಡಿ. ಅಕ್ಷರಗಳ ನಡುವಿನ ಅಂತರವನ್ನು ಮುಟ್ಟಬೇಡಿ. ಪಿಡಿಎಫ್ ತೆಗೆದ ಮೇಲೆ ಒತ್ತಕ್ಷರ ಇರುವ ಹೆಸರುಗಳನ್ನು, ಉದಾಹರಣೆಗೆ ಗೋಣಿಕೊಪ್ಪ, ಪೊನ್ನಂಪೇಟೆ, ಒಂದೊಂದಾಗಿ ಓದಿ.

## ಲೆಕ್ಕಗಳು, ಮತ್ತು ಮಳೆಯ ಚುಕ್ಕಿಗಳು

ಕುಡಿಯುವ ನೀರಿನ ಬಾವಿಯಿಂದ 50 ಮೀಟರ್ ಒಳಗೆ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರಿನ ಗುಂಡಿ ಇದೆಯಾ? ಇದು ನಮ್ಮ ಕಡೆ ನಿಜವಾಗಿ ಕೇಳಬೇಕಾದ ಪ್ರಶ್ನೆ. ಮೊದಲು ಬಾವಿಯ ಲೇಯರನ್ನು ಎಕ್ಸ್‌ಪೋರ್ಟ್ ಮಾಡಿ, ಸೇವ್ ಫೀಚರ್ಸ್ ಆ್ಯಸ್‌ನಲ್ಲಿ ಇಪಿಎಸ್‌ಜಿ 32643 ಆರಿಸಿ ಹೊಸದಾಗಿ ಉಳಿಸಿ. ಸೆಟ್ ಲೇಯರ್ ಸಿಆರ್‌ಎಸ್ ಒತ್ತಬೇಡಿ. ಅದು ಅಂಕಿಗಳನ್ನು ಪರಿವರ್ತಿಸುವುದಿಲ್ಲ, ಹಳೆಯ ಅಂಕಿಗೆ ಹೊಸ ಚೀಟಿ ಅಂಟಿಸುತ್ತದೆ ಅಷ್ಟೇ. ಆಮೇಲೆ ಜಿಯೋಪ್ರೊಸೆಸಿಂಗ್‌ನ ಬಫರ್‌ನಲ್ಲಿ, ಅಂದರೆ ಚುಕ್ಕಿಯ ಸುತ್ತ ವೃತ್ತ ಎಳೆಯುವ ಟೂಲ್‌ನಲ್ಲಿ, 50 ಕೊಡಿ. ಡಿಗ್ರಿಯ ಲೇಯರ್‌ನಲ್ಲಿ 50 ಕೊಟ್ಟರೆ ಅದು 50 ಡಿಗ್ರಿ ಆಗುತ್ತದೆ, ಅರ್ಧ ಏಷ್ಯಾ ಮುಚ್ಚುವ ವೃತ್ತ. ಉತ್ತರ ಬಂದ ಮೇಲೆ ನಿಖರತೆಯ ಕಾಲಂ ನೋಡಿ. ಎರಡೂ ಚುಕ್ಕಿಗೆ ಹತ್ತು ಹತ್ತು ಮೀಟರ್ ಅನುಮಾನ ಇದ್ದಾಗ 45 ಮೀಟರ್, 55 ಮೀಟರ್ ಅನ್ನುವ ಉತ್ತರಗಳನ್ನು ಟೇಪ್ ಹಿಡಿದೇ ತೀರ್ಮಾನಿಸಬೇಕು. ಗುಂಡಿ ಬಾವಿಯ ಮೇಲ್ಭಾಗದಲ್ಲಿದೆಯಾ ಕೆಳಭಾಗದಲ್ಲಿದೆಯಾ ಅಂತಲೂ ನೋಡಿ, ವೃತ್ತಕ್ಕೆ ಇಳಿಜಾರು ಗೊತ್ತಿಲ್ಲ.

ಇನ್ನು ಮಳೆ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಅಭ್ಯಾಸ ತಲೆಮಾರುಗಳದ್ದು. ಬೆಳಿಗ್ಗೆ ಮಾಪಕದ ನೀರು ಅಳೆದು ಪುಸ್ತಕದಲ್ಲಿ ಇಂಚು-ಸೆಂಟು ಬರೆಯುತ್ತಾರೆ. ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಮಾಪಕಗಳು ಇರುವುದು ಒಂದು ದೊಡ್ಡ ಆಸ್ತಿ. ಅವನ್ನೆಲ್ಲ ಚುಕ್ಕಿಗಳಾಗಿ ನಕ್ಷೆಗೆ ತರಬೇಕು ಅನ್ನೋದು ನನ್ನ ಬಹುದಿನದ ಆಸೆ.

ಅದರಲ್ಲಿ ಒಂದು ಸೂಕ್ಷ್ಮ ಇದೆ. ಪುಸ್ತಕದಲ್ಲಿ '2-5' ಅಂತ ಇದ್ದರೆ ಎರಡು ಇಂಚು ಐದು ಸೆಂಟು. ಒಂದು ಇಂಚಿಗೆ ನೂರು ಸೆಂಟು. ಆದ್ದರಿಂದ ಅದು 2.05 ಇಂಚು, ಅಂದರೆ 52 ಮಿಲಿಮೀಟರ್. ಟೈಪ್ ಮಾಡುವವರು 2.5 ಅಂತ ಬರೆದರೆ 63.5 ಮಿಲಿಮೀಟರ್ ಆಗಿಬಿಡುತ್ತದೆ. ಇಂಚು ಒಂದು ಕಾಲಂ, ಸೆಂಟು ಇನ್ನೊಂದು ಕಾಲಂ ಇಡಿ. ಮಿಲಿಮೀಟರನ್ನು ಕಂಪ್ಯೂಟರ್ ಲೆಕ್ಕ ಹಾಕಲಿ.

ಮಾಪಕದ ಜಾಗ ಒಂದು ಲೇಯರ್, ದಿನದಿನದ ಮಳೆ ಬೇರೊಂದು ಕೋಷ್ಟಕ. ಎರಡನ್ನೂ ಗುರುತು ಸಂಖ್ಯೆಯಿಂದ ಜೋಡಿಸಿ. ಪ್ರತಿದಿನಕ್ಕೂ ಹೊಸ ಚುಕ್ಕಿ ಇಡಲು ಹೋದರೆ ಒಂದೇ ವರ್ಷದಲ್ಲಿ ಒಂದೇ ಜಾಗದಲ್ಲಿ 365 ಚುಕ್ಕಿ ಬೀಳುತ್ತವೆ. ಮಾಪಕದ ಸುತ್ತ ಮರ ಎಷ್ಟು ಹತ್ತಿರ ಇದೆ ಅಂತಲೂ ಒಂದು ಕಾಲಂ ಇರಲಿ. ಮರದ ಎತ್ತರದ ಎರಡು ಪಟ್ಟು ದೂರವಾದರೂ ಬಯಲು ಇಲ್ಲದಿದ್ದರೆ ಅಲ್ಲಿಯ ಅಳತೆ ಕಡಿಮೆ ಬರುತ್ತದೆ.

ಚುಕ್ಕಿಗಳ ನಡುವೆ ಬಣ್ಣ ತುಂಬಿ ಮಳೆ ನಕ್ಷೆ ಮಾಡುವ ಟೂಲ್‌ಗಳು ಕ್ಯೂಜಿಐಎಸ್‌ನಲ್ಲಿವೆ. ನೋಡಲು ಚೆಂದ. ಆದರೆ ಅವುಗಳಿಗೆ ಗೊತ್ತಿರುವುದು ದೂರ ಮಾತ್ರ, ಬೆಟ್ಟ ಗೊತ್ತಿಲ್ಲ. ಭಾಗಮಂಡಲದಲ್ಲಿ ಸುರಿಯುವ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ನಡುವೆ ಇರುವ ಬೆಟ್ಟಸಾಲೇ ಅದಕ್ಕೆ ಕಾರಣ. ಎರಡು ಮಾಪಕಗಳ ನಡುವೆ ಒಂದು ಬೆಟ್ಟ ಇದ್ದರೆ ಬಣ್ಣ ತುಂಬಬೇಡಿ. ಚುಕ್ಕಿಯ ಪಕ್ಕ ಅಂಕಿಯನ್ನಷ್ಟೇ ಬರೆಯಿರಿ.

## ಹಂಚುವ ಮೊದಲು

ಎಲ್ಲ ಚುಕ್ಕಿಯನ್ನೂ ಎಲ್ಲರಿಗೂ ತೋರಿಸಬಾರದು. ಗಂಧದ ಮರದ ಚುಕ್ಕಿಯನ್ನು ನೆಟ್‌ನಲ್ಲಿ ಹಾಕಿದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಅಪರೂಪದ ಆರ್ಕಿಡ್‌ಗೂ ಇದೇ ಮಾತು. ಇಂಥವನ್ನು ಹಂಚಲೇಬೇಕಾದರೆ ಅಂಕಿಯನ್ನು ದಶಮಾಂಶದ ನಂತರ ಎರಡಕ್ಕೆ ಇಳಿಸಿ, ಆಗ ಒಂದು ಕಿಲೋಮೀಟರಿನ ಮಸುಕು ಬರುತ್ತದೆ. ಮೂಲ ಫೈಲ್ ನಿಮ್ಮ ಹತ್ತಿರವೇ ಇರಲಿ. ಐನ್‌ಮನೆ, ಕೈಮಡಗಳನ್ನು ಹಾಕುವ ಮೊದಲು ಆ ಒಕ್ಕದ (ಕುಲದ) ಹಿರಿಯರನ್ನು ಕೇಳಿ. ಬೇಡ ಅಂದರೆ ಬಿಡಿ. ಮನೆಯ ಬಾವಿಯ ಚುಕ್ಕಿಯಲ್ಲಿ ಮನೆಯವರ ಹೆಸರು, ಫೋನ್ ನಂಬರ್ ಹಾಕುವ ಅಗತ್ಯ ಇಲ್ಲ, ಗುರುತು ಸಂಖ್ಯೆ ಸಾಕು.

ಊರಿನವರ ಮೊಬೈಲಿಗೆ ಕಳಿಸಲು ಕೆಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಗೂಗಲ್ ಅರ್ಥ್‌ನಲ್ಲಿ ತೆರೆದುಕೊಳ್ಳುತ್ತದೆ. ಪಂಪ್ ರಿಪೇರಿಯವರಿಗೆ ನಾವು ಈಗ ಕೊಡುವುದು ಕಾಗದದ ಒಂದು ಹಾಳೆ. ಅದರಲ್ಲಿ ಬಾವಿಗೆ ಎರಡು ಚುಕ್ಕಿ ಇರುತ್ತವೆ. ಕಟ್ಟೆಯ ಹತ್ತಿರ ತುಂಬಿದ ವೃತ್ತ, ಗಾಡಿ ನಿಲ್ಲಿಸುವ ಗೇಟಿನಲ್ಲಿ ಸಣ್ಣ ಅಡ್ಡಗೆರೆ. ಎರಡಕ್ಕೂ ಒಂದೇ ಸಂಖ್ಯೆ, ಪಕ್ಕದಲ್ಲಿ ನಡೆಯಬೇಕಾದ ಮೀಟರ್.